ಬಿಂದಿಗೆ ಎತ್ತಿದ್ದಕ್ಕೇ ಹೀಗಾಯ್ತಾ? ದಿನ ತುಂಬದೆ ಹೆರಿಗೆ ಆಗುವುದರ ಹಿಂದಿನ ಕಾರಣಗಳು

ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿ ನನ್ನ ಅಕ್ಕನ ಗಂಡನ ಊರು. ಹಿಪ್ಪುನೇರಳೆ ತೋಟ, ಹುಳದ ಮನೆ, ಎರಡು ಹಸು. ಅಕ್ಕನಿಗೆ ನೋವು ಕಾಣಿಸಿಕೊಂಡದ್ದು ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ವಾರದಲ್ಲಿ. ರೇಷ್ಮೆ ಮಾಡುವವರಿಗೆ ಆ ವಾರ ಎಂದರೆ ಏನು ಅಂತ ಗೊತ್ತು. ಹಗಲೂ ರಾತ್ರಿ ಸೊಪ್ಪು ಹಾಕುತ್ತಲೇ ಇರಬೇಕು, ಮನೆಯಲ್ಲಿ ಒಬ್ಬರೂ ಕೂರುವ ಹಾಗಿಲ್ಲ. ಅಕ್ಕನಿಗೆ ಆಗ 31 ವಾರ, ಚೊಚ್ಚಲ ಬಸಿರು. ಮುಂದಿನ ವಾರಕ್ಕೆ ಸೀಮಂತ ಗೊತ್ತಾಗಿತ್ತು, ಹಸಿರು ಬಳೆ ಕೂಡ ತಂದಾಗಿತ್ತು. ಮಧ್ಯಾಹ್ನ ಸೊಂಟ ನೋಯುತ್ತಿದೆ ಅಂದಳು. ಸಂಜೆ ಹೊಟ್ಟೆ ಕಲ್ಲಿನಂತೆ ಬಿಗಿಯುವುದು, ಸಡಿಲವಾಗುವುದು ಶುರುವಾಯಿತು. ರಾತ್ರಿ ಹತ್ತಕ್ಕೆ ನೀರು ಹೋಯಿತು. ಆಸ್ಪತ್ರೆ ಸೇರಿ ನಾಲ್ಕೈದು ಗಂಟೆಗೆಲ್ಲ ಮಗು ಹುಟ್ಟಿತು. ತೂಕ 1 ಕೆ.ಜಿ. 400 ಗ್ರಾಂ.

ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಹೊರಗಡೆ ಬೆಂಚಿನ ಮೇಲೆ ಕೂತಿದ್ದ ನೆಂಟರ ನಡುವೆ ವಿಚಾರಣೆ ಶುರುವಾಯಿತು. "ನೀರಿನ ಬಿಂದಿಗೆ ಯಾಕೆ ಎತ್ತೋಕೆ ಹೋದ್ಲು?" "ಪರಂಗಿ ಹಣ್ಣು ತಿಂದಿದ್ಲಂತೆ." "ಗ್ರಹಣದ ದಿನ ಹಿತ್ತಲಿಗೆ ಹೋಗಿದ್ಲು, ನಾನೇ ನೋಡಿದ್ದೆ." ಕೊನೆಗೆ ಒಬ್ಬ ಅಜ್ಜಿ, "ಏಳರಲ್ಲಿ ಹುಟ್ಟಿದ್ದು ಉಳಿಯುತ್ತೆ ಕಣಮ್ಮ, ಎಂಟರಲ್ಲಿ ಹುಟ್ಟಿದ್ದು ಉಳಿಯಲ್ಲ" ಅಂದುಬಿಟ್ಟರು. ಆ ಮಾತು ಒಳಗೆ ಮಲಗಿದ್ದ ಅಕ್ಕನ ಕಿವಿಗೂ ಬಿತ್ತು.

ಮಗು ಉಳಿಯಿತು. ಈಗ ಶಾಲೆಗೆ ಹೋಗುತ್ತಾಳೆ. ಆದರೆ ಅಕ್ಕ ಮಾತ್ರ ಮೂರು ವರ್ಷ, "ನಾನು ಆ ಬಿಂದಿಗೆ ಎತ್ತಬಾರದಿತ್ತು" ಅಂತ ಕೊರಗಿದಳು. ಆ ಕೊರಗು ಸುಳ್ಳಿನ ಮೇಲೆ ನಿಂತಿತ್ತು. ಅದನ್ನು ಬಿಡಿಸಿ ಹೇಳೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ದಿನ ತುಂಬುವುದು ಅಂದರೆ ಎಷ್ಟು ದಿನ?

ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ. ಮನೆಯಲ್ಲಿ ನಾವು ತಿಂಗಳಲ್ಲಿ ಎಣಿಸುತ್ತೇವೆ, ಆಸ್ಪತ್ರೆಯಲ್ಲಿ ವಾರದಲ್ಲಿ ಎಣಿಸುತ್ತಾರೆ. ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ಲೆಕ್ಕ ಶುರು. ಅಲ್ಲಿಂದ 280 ದಿನ, ಅಂದರೆ 40 ವಾರಕ್ಕೆ ಹೆರಿಗೆಯ ತಾರೀಖು ಕೊಡುತ್ತಾರೆ. 37 ವಾರ ಪೂರ್ತಿ ಆಗುವ ಮೊದಲೇ ಮಗು ಹುಟ್ಟಿದರೆ ಅದು ದಿನ ತುಂಬದ ಮಗು. 32ರಿಂದ 37 ವಾರದ ನಡುವೆ ಹುಟ್ಟುವವೇ ಇವುಗಳಲ್ಲಿ ಜಾಸ್ತಿ. 28ರಿಂದ 32ರೊಳಗೆ ಹುಟ್ಟಿದರೆ ಕಷ್ಟ ಹೆಚ್ಚು. 28ಕ್ಕೂ ಮೊದಲು ಹುಟ್ಟಿದರೆ ತುಂಬಾ ಕಷ್ಟ.

ತುಂಬಾ ಮನೆಗಳಲ್ಲಿ "ಮುಟ್ಟು ನಿಂತ" ತಿಂಗಳಿಂದ ಎಣಿಸುತ್ತಾರೆ. ಆಗ ನಾಲ್ಕು ವಾರ ಆಚೀಚೆ ಆಗಿಬಿಡುತ್ತದೆ. ಮುಟ್ಟು ಸರಿಯಾಗಿ ಆಗದವರಿಗೆ ಆ ದಿನವೇ ನೆನಪಿರುವುದಿಲ್ಲ. ಅದಕ್ಕೇ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಮುಖ್ಯ. ಆ ಹೊತ್ತಿಗೆ ಎಲ್ಲಾ ಮಕ್ಕಳೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬೆಳೆಯುತ್ತವೆ, ಹಾಗಾಗಿ ವಾರ ಕರಾರುವಾಕ್ಕಾಗಿ ಸಿಗುತ್ತದೆ. ಏಳನೇ ತಿಂಗಳಲ್ಲಿ ಮೊದಲ ಸ್ಕ್ಯಾನ್ ಮಾಡಿಸಿದರೆ, ಮಗು ಚಿಕ್ಕದೋ ದಿನ ಕಡಿಮೆಯೋ ಅಂತ ಹೇಳುವುದು ಕಷ್ಟ.

ಇನ್ನು ಅಜ್ಜಿಯ ಏಳು-ಎಂಟರ ಮಾತು. ಇದು ಬರೀ ನಮ್ಮ ಕಡೆಯ ನಂಬಿಕೆ ಅಲ್ಲ, ಸಾವಿರಾರು ವರ್ಷದ ಹಿಂದೆ ಗ್ರೀಕರಲ್ಲೂ ಇತ್ತು. ಆದರೆ ಸತ್ಯ ಅದಕ್ಕೆ ಪೂರ್ತಿ ಉಲ್ಟಾ. ಹೊಟ್ಟೆಯೊಳಗೆ ಒಂದೊಂದು ವಾರ ಜಾಸ್ತಿ ಇದ್ದಷ್ಟೂ ಮಗುವಿಗೆ ಬಲ. ಶ್ವಾಸಕೋಶದ ಗಾಳಿ ಚೀಲಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವ ಜಾರುವ ಪದಾರ್ಥವೊಂದಿದೆ. ಅದು ಸಾಕಷ್ಟು ತಯಾರಾಗುವುದೇ 34–35 ವಾರದ ಹೊತ್ತಿಗೆ. 35 ವಾರದ ಮಗುವಿನ ಮಿದುಳಿನ ತೂಕ, 40 ವಾರದಲ್ಲಿ ಇರಬೇಕಾದ ತೂಕದ ಮೂರರಲ್ಲಿ ಎರಡು ಭಾಗ ಮಾತ್ರ. ಏಳಕ್ಕಿಂತ ಎಂಟು ಒಳ್ಳೆಯದು, ಎಂಟಕ್ಕಿಂತ ಒಂಬತ್ತು ಒಳ್ಳೆಯದು. ಈ ಗಾದೆಯನ್ನು ನಂಬಿ "ಎಂಟರದು, ಹೇಗೂ ಉಳಿಯಲ್ಲ" ಅಂತ ಆಸ್ಪತ್ರೆಗೆ ಕರೆದೊಯ್ಯದೆ ಬಿಟ್ಟ ಮಕ್ಕಳು ಎಷ್ಟಿವೆಯೋ ಅಂತ ಯೋಚಿಸಿದರೆ ಸಂಕಟವಾಗುತ್ತದೆ.

ಇದೇನು ಅಪರೂಪದ ಸಂಗತಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ದಿನ ತುಂಬದೆ ಹುಟ್ಟಿದವು. ಹತ್ತು ಮಕ್ಕಳಲ್ಲಿ ಒಂದು ಎಂದ ಹಾಗಾಯಿತು. ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದ್ದೇ. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ.

ಹೆರಿಗೆ ಹೇಗೆ ಶುರುವಾಗುತ್ತದೆ?

ಕಾರಣ ತಿಳಿಯಬೇಕಾದರೆ ಇದು ಗೊತ್ತಿರಬೇಕು. ಗರ್ಭಕೋಶವನ್ನು ಒಂದು ರಾಗಿ ಚೀಲ ಅಂದುಕೊಳ್ಳಿ. ಚೀಲದ ಗೋಡೆ ಮಾಂಸದ್ದು, ಬಿಗಿಯುವ ಶಕ್ತಿ ಅದಕ್ಕಿದೆ. ಕೆಳಗಡೆ ಚೀಲದ ಬಾಯಿ ಇದೆ, ಗಟ್ಟಿಯಾಗಿ ಮುಚ್ಚಿಕೊಂಡಿರುತ್ತದೆ. ಒಂಬತ್ತು ತಿಂಗಳು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಗೋಡೆಗೆ "ಸುಮ್ನಿರು" ಎನ್ನುತ್ತಿರುತ್ತದೆ. ದಿನ ತುಂಬಿದಾಗ ಆ ಮಾತಿನ ಬಲ ಕುಗ್ಗುತ್ತದೆ. ಬಾಯಿಯನ್ನು ಮೆದುಮಾಡುವ, ಗೋಡೆಯನ್ನು ಬಿಗಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಹೆಚ್ಚುತ್ತವೆ. ನೋವು ಬರುತ್ತದೆ, ಬಾಯಿ ತೆರೆಯುತ್ತದೆ.

ದಿನ ತುಂಬದ ಹೆರಿಗೆಯಲ್ಲೂ ಆಗುವುದು ಇದೇ. ಆದರೆ ಬೇರೆ ಏನೋ ಒಂದು ಮುಂಚೆಯೇ ಆ ರಾಸಾಯನಿಕಗಳನ್ನು ಎಬ್ಬಿಸಿಬಿಟ್ಟಿರುತ್ತದೆ. ಎಲ್ಲೋ ಸೋಂಕು ತಗುಲಿದರೆ ಮೈ ಅದರ ಜೊತೆ ಹೋರಾಡುತ್ತದೆ. ಆ ಹೋರಾಟದಲ್ಲಿ ಹುಟ್ಟುವ ಉರಿಯೂತದ ವಸ್ತುಗಳೇ ಗರ್ಭಕೋಶಕ್ಕೂ ನೋವಿನ ಸೂಚನೆ ಕೊಡುತ್ತವೆ. ಕಸ, ಅಂದರೆ ಮಾಸು, ಅಂಟಿಕೊಂಡ ಜಾಗದಲ್ಲಿ ರಕ್ತ ಒಸರಿದರೆ ಆ ರಕ್ತವೇ ಗೋಡೆಯನ್ನು ಕೆರಳಿಸುತ್ತದೆ. ಅವಳಿ ಮಕ್ಕಳಿದ್ದಾಗ, ಇಲ್ಲವೇ ಮಗುವಿನ ಸುತ್ತ ನೀರು ಜಾಸ್ತಿ ಆದಾಗ, ಚೀಲ ಮಿತಿ ಮೀರಿ ಹಿಗ್ಗುತ್ತದೆ. ಗೋಡೆ ಅದನ್ನು ದಿನ ತುಂಬಿದ ಗುರುತೆಂದೇ ತಿಳಿಯುತ್ತದೆ. ತಾಯಿಯ ಮೈಮನಸ್ಸಿನ ಮೇಲೆ ದೀರ್ಘಕಾಲ ಒತ್ತಡವಿದ್ದರೆ, ಇಲ್ಲವೇ ಮಗುವಿಗೇ ಒಳಗೆ ಆಹಾರ, ಆಮ್ಲಜನಕ ಸಾಲದೆ ಹೋದರೆ, ಒತ್ತಡದ ಹಾರ್ಮೋನುಗಳು ಹೆರಿಗೆಯ ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತವೆ. ಹೊರಗಿಂದ ನೋಡಿದರೆ ಎಲ್ಲವೂ ಒಂದೇ "ನೋವು". ಒಳಗಿನ ದಾರಿ ಮಾತ್ರ ಬೇರೆ ಬೇರೆ.

ಇಷ್ಟೇ ಅಲ್ಲ. ದಿನ ತುಂಬದ ಹೆರಿಗೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ತಾನಾಗಿ ಆಗುವುದೇ ಇಲ್ಲ. ತಾಯಿಗೋ ಮಗುವಿಗೋ ಅಪಾಯ ಕಂಡು ಡಾಕ್ಟರೇ ಮುಂಚೆ ಹೆರಿಗೆ ಮಾಡಿಸುತ್ತಾರೆ. ಉಳಿದವುಗಳಲ್ಲಿ ನೋವು ತಾನಾಗೇ ಬರುತ್ತದೆ, ಇಲ್ಲವೇ ನೋವಿಗೂ ಮೊದಲೇ ನೀರು ಹೋಗುತ್ತದೆ. ಹೀಗೆ ತಾನಾಗಿ ಆದವುಗಳಲ್ಲಿ ಸುಮಾರು ಅರ್ಧಕ್ಕೆ ಎಷ್ಟು ಹುಡುಕಿದರೂ ಇದೇ ಕಾರಣ ಅಂತ ಸಿಗುವುದಿಲ್ಲ. ಡಾಕ್ಟರುಗಳಿಗೇ ಸಿಗದ ಕಾರಣ ನಮ್ಮ ಮನೆ ಜಗಲಿಯಲ್ಲಿ ಐದು ನಿಮಿಷಕ್ಕೆ ಸಿಗುತ್ತದೆ, ಅದೂ ಯಾವಾಗಲೂ ಆ ಹೆಣ್ಣುಮಗಳ ತಪ್ಪೇ ಆಗಿರುತ್ತದೆ. ಇದು ಅನ್ಯಾಯ ಅಲ್ವಾ?

ಮೋಡ ಮತ್ತು ಮಳೆ

ಡಾಕ್ಟರು "ರಿಸ್ಕ್ ಇದೆ" ಅಂದರೆ ತುಂಬಾ ಜನ ಹೆದರಿಬಿಡುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಮೋಡ ಕಟ್ಟಿದ ದಿನವೆಲ್ಲ ನಮ್ಮಲ್ಲಿ ಮಳೆ ಬರುವುದಿಲ್ಲ. ಆದರೂ ಮೋಡ ಕಟ್ಟಿದರೆ ಹರಡಿದ ರಾಗಿಯನ್ನು ಒಳಗೆ ತೆಗೆದಿಡುತ್ತೇವೆ. ಕೆಲವು ಸಲ ಬಿಸಿಲು ಇದ್ದಂತೆಯೇ ಹನಿ ಬೀಳುತ್ತದೆ. ರಿಸ್ಕ್ ಅಂದರೂ ಹಾಗೆಯೇ. ಇದ್ದವರಿಗೆಲ್ಲ ಬೇಗ ಹೆರಿಗೆ ಆಗುವುದಿಲ್ಲ. ಇಲ್ಲದವರಿಗೂ ಒಮ್ಮೊಮ್ಮೆ ಆಗುತ್ತದೆ. ಆದರೆ ಮೋಡ ಯಾವುದು ಅಂತ ಗೊತ್ತಿದ್ದರೆ ಮೊದಲೇ ತಯಾರಾಗಬಹುದು.

ಅತಿ ದಟ್ಟ ಮೋಡ ಅಂದರೆ ಹಿಂದಿನ ಹೆರಿಗೆಯ ಕಥೆ. ಒಂದು ಸಲ ದಿನ ತುಂಬದೆ ಹೆರಿಗೆ ಆಗಿದ್ದರೆ ಮುಂದಿನ ಸಲವೂ ಹಾಗಾಗುವ ಸಂಭವ ಸುಮಾರು ಎರಡು ಪಟ್ಟು. ಹಾಗಾಗಿ ಹೊಸ ಡಾಕ್ಟರ ಹತ್ತಿರ ಹೋದಾಗ ಮೊದಲು ಹೇಳಬೇಕಾದ ಮಾತು ಇದು. ಸುಮ್ನೆ "ಮೊದಲನೇದು ನಾರ್ಮಲ್" ಅಂದರೆ ಸಾಲದು, ಎಷ್ಟು ವಾರಕ್ಕೆ ಆಯಿತು, ಮಗು ಎಷ್ಟು ತೂಕ ಇತ್ತು ಅಂತಲೂ ಹೇಳಬೇಕು.

ಅವಳಿ ಇದ್ದರೆ ಅರ್ಧಕ್ಕಿಂತ ಜಾಸ್ತಿ ಹೆರಿಗೆಗಳು 37 ವಾರದೊಳಗೇ ಆಗುತ್ತವೆ. ಮಕ್ಕಳಾಗಲು ಚಿಕಿತ್ಸೆ ಪಡೆದವರಲ್ಲಿ ಅವಳಿ, ತ್ರಿವಳಿ ಜಾಸ್ತಿ ಆಗಿರುವುದರಿಂದ ಅವರಲ್ಲೂ ಇದು ಜಾಸ್ತಿ. ಗರ್ಭಕೋಶದ ಆಕಾರದಲ್ಲಿ ಹುಟ್ಟಿನಿಂದಲೇ ವ್ಯತ್ಯಾಸ ಇರುವವರೂ ಇದ್ದಾರೆ.

ಇನ್ನು ಕೆಲವರಿಗೆ ಚೀಲದ ಬಾಯಿಯೇ ಗಿಡ್ಡ. ಐದನೇ ತಿಂಗಳ ಸ್ಕ್ಯಾನಿನಲ್ಲಿ ಗರ್ಭಕೋಶದ ಬಾಯಿಯ ಉದ್ದ 25 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಎಚ್ಚರ ಬೇಕು. ಇದಕ್ಕೆ ಉಪಾಯ ಇದೆ ಅನ್ನುವುದೇ ಸಮಾಧಾನ. ಪ್ರೊಜೆಸ್ಟರಾನ್ ಮಾತ್ರೆ ಕೊಡುತ್ತಾರೆ, ಕೆಲವರಿಗೆ ಬಾಯಿಗೆ ಹೊಲಿಗೆ ಹಾಕುತ್ತಾರೆ. ಚೀಲದ ಬಾಯಿಯನ್ನು ದಾರ ಸುತ್ತಿ ಬಿಗಿದ ಹಾಗೆಯೇ. ಗೋವಾದಲ್ಲಿ ಹುಟ್ಟಿ ಮುಂಬೈಯಲ್ಲಿ ವೈದ್ಯರಾಗಿದ್ದ ವಿ.ಎನ್. ಶಿರೋಡ್ಕರ್ 1955ರಲ್ಲಿ ಇಂಥ ಹೊಲಿಗೆಯ ವಿಧಾನವನ್ನು ಜಗತ್ತಿಗೆ ತಿಳಿಸಿದರು. ಇವತ್ತಿಗೂ ಎಲ್ಲ ದೇಶಗಳಲ್ಲೂ ಅದಕ್ಕೆ ಶಿರೋಡ್ಕರ್ ಹೊಲಿಗೆ ಅಂತಲೇ ಹೆಸರು.

ಯಾರಿಗೂ ಹೇಳದ ಉರಿಮೂತ್ರ

ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಕಡೆ ಇದರ ಬಗ್ಗೆ ಮಾತೇ ಇಲ್ಲ.

ಮಗು ಹುಟ್ಟಿ ವಾರವಾದ ಮೇಲೆ ಡಾಕ್ಟರಮ್ಮ ಅಕ್ಕನ ಪಕ್ಕ ಕೂತು ಒಂದೊಂದೇ ಕೇಳಿದರು. ಜ್ವರ ಬಂದಿತ್ತಾ? ಮೂತ್ರ ಮಾಡುವಾಗ ಉರಿ ಇತ್ತಾ? ಬಿಳಿ ಸೆರಗು ವಾಸನೆ ಬರುತ್ತಿತ್ತಾ? ಐದನೇ ತಿಂಗಳಲ್ಲಿ ಒಂದು ಸಲ, ಏಳರಲ್ಲಿ ಇನ್ನೊಂದು ಸಲ ಉರಿಮೂತ್ರ ಆಗಿತ್ತು ಅಂತ ಅಕ್ಕ ಆಗ ಬಾಯಿಬಿಟ್ಟಳು. "ಉಷ್ಣ ಆಗಿದೆ" ಅಂತ ಬಾರ್ಲಿ ನೀರು, ಎಳನೀರು ಕುಡಿದು ಸುಮ್ಮನಾಗಿದ್ದಳು. ಅತ್ತೆಗೂ ಹೇಳಿರಲಿಲ್ಲ, ಭಾವನಿಗೂ ಹೇಳಿರಲಿಲ್ಲ. ಹೇಳಲು ನಾಚಿಕೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.4 ಇತ್ತು. "ಇದೇ ಕಾರಣ ಅಂತ ನೂರಕ್ಕೆ ನೂರು ಹೇಳಕ್ಕಾಗಲ್ಲಮ್ಮ. ಆದ್ರೆ ಬಿಂದಿಗೆ ಅಂತೂ ಅಲ್ಲ," ಅಂದರು ಡಾಕ್ಟರಮ್ಮ.

ಬಸಿರಿನಲ್ಲಿ ಹಾರ್ಮೋನಿನಿಂದ ಮೂತ್ರನಾಳಗಳು ಸಡಿಲವಾಗುತ್ತವೆ. ಮೇಲಿಂದ ಗರ್ಭಕೋಶ ಒತ್ತುತ್ತದೆ. ಮೂತ್ರ ಪೂರ್ತಿ ಖಾಲಿಯಾಗದೆ ನಿಲ್ಲುತ್ತದೆ, ನಿಂತಲ್ಲಿ ರೋಗಾಣು ಬೆಳೆಯುತ್ತದೆ. ಸೋಂಕು ಮೂತ್ರಪಿಂಡಕ್ಕೆ ಏರಿದರೆ ಚಳಿಜ್ವರ ಬರುತ್ತದೆ, ಅದರ ಹಿಂದೆಯೇ ಹೆರಿಗೆ ನೋವೂ ಬರಬಹುದು. ಕೆಲವರಿಗೆ ಉರಿಯೇ ಇರುವುದಿಲ್ಲ, ಆದರೂ ಮೂತ್ರದಲ್ಲಿ ರೋಗಾಣು ಇರುತ್ತದೆ. ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ. ಬಸುರಿಯರಿಗೆ ಕೊಡಬಹುದಾದ ಆಂಟಿಬಯೋಟಿಕ್ ಒಂದು ವಾರ ಕೊಟ್ಟರೆ ಸಾಕಾಗುತ್ತದೆ. ಇಷ್ಟು ಸುಲಭವಾಗಿ ಹಿಡಿದು ತಡೆಯಬಹುದಾದ ಕಾರಣ ಇನ್ನೊಂದು ಸಿಗುವುದು ಕಷ್ಟ.

ಈಗ ನಮ್ಮ ಹೆಣ್ಣುಮಕ್ಕಳ ದಿನ ಹೇಗಿರುತ್ತದೆ ನೋಡಿ. ಕೋಲಾರದ ಕಡೆ ಟೊಮೆಟೊ ಬಿಡಿಸಲು ಬೆಳಿಗ್ಗೆ ಆರಕ್ಕೆ ತೋಟಕ್ಕೆ ಇಳಿಯುತ್ತಾರೆ. ತೋಟದಲ್ಲಿ ಶೌಚಾಲಯ ಎಲ್ಲಿದೆ? ಗಂಡಸರ ಕಣ್ಣು ತಪ್ಪಿಸಿ ಹೋಗಬೇಕು. ಅದಕ್ಕೆ ನೀರೇ ಕುಡಿಯುವುದಿಲ್ಲ. ಕಾರ್ಖಾನೆ ಕೆಲಸಕ್ಕೆ ಹೋಗುವ ಹುಡುಗಿಯರು ಲೈನ್ ಬಿಟ್ಟು ಪದೇ ಪದೇ ಎದ್ದು ಹೋದರೆ ಮಾತು ಕೇಳಬೇಕಾಗುತ್ತದೆ ಅಂತ ತಡೆದುಕೊಳ್ಳುತ್ತಾರೆ. ಏಪ್ರಿಲ್ ಬಿಸಿಲಿಗೆ ಮೈ ನೀರು ಬೇರೆ ಬತ್ತುತ್ತದೆ. ವಿಪರೀತ ಸೆಕೆಯ ದಿನಗಳಿಗೂ ಬೇಗ ಹೆರಿಗೆಗೂ ನಂಟಿದೆ ಅಂತ ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಬಸುರಿಗೆ ಒಂದು ಬಾಟಲಿ ನೀರು, ಮರೆಯಾದ ಒಂದು ಜಾಗ. ಇವೆರಡನ್ನು ಒದಗಿಸುವುದು ಕೂಲಿಗೆ ಕರೆಯುವವರ ಜವಾಬ್ದಾರಿ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಯೋನಿಯ ಸೋಂಕೂ ಹೀಗೆಯೇ. ವಾಸನೆ, ತುರಿಕೆ, ಬಣ್ಣ ಬದಲಾದ ಬಿಳಿ ಸೆರಗು ಇದ್ದರೆ ತೋರಿಸಬೇಕು. ವಸಡಿನ ರೋಗ ಇರುವವರಲ್ಲೂ ಬೇಗ ಹೆರಿಗೆ ಜಾಸ್ತಿ ಕಂಡುಬಂದಿದೆ. ಆದರೆ ಬಸಿರಿನಲ್ಲಿ ವಸಡಿಗೆ ಚಿಕಿತ್ಸೆ ಕೊಟ್ಟು ನೋಡಿದಾಗ ಬೇಗ ಹೆರಿಗೆ ಆಗುವುದೇನೂ ಕಡಿಮೆಯಾಗಲಿಲ್ಲ. ಎರಡು ಸಂಗತಿ ಜೊತೆಗೆ ಕಂಡವು ಅಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಂತ ಹೇಳಲಾಗದು ಎನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ.

ರಕ್ತ, ಬಿ.ಪಿ., ಹೊಗೆ

ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಬಸುರಿಗೆ ರಕ್ತಹೀನತೆ ಇದೆ ಅಂತ ಅರ್ಥ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಇದಿದೆ, ಕರ್ನಾಟಕದಲ್ಲಿ ಶೇ 45ರ ಆಸುಪಾಸು. ರಕ್ತ ತುಂಬಾ ಕಡಿಮೆ ಇದ್ದರೆ ಮಗುವಿಗೆ ಆಮ್ಲಜನಕ ಸಾಲುವುದಿಲ್ಲ, ತಾಯಿಗೆ ಸೋಂಕು ಬೇಗ ತಗಲುತ್ತದೆ. ಸರ್ಕಾರ ಕೊಡುವ ಕಬ್ಬಿಣದ ಮಾತ್ರೆ ದಿನಕ್ಕೊಂದರಂತೆ 180 ದಿನ ತೆಗೆದುಕೊಳ್ಳಬೇಕು. ತುಂಬಾ ಜನ "ಮಲ ಕಪ್ಪಾಗುತ್ತೆ, ವಾಕರಿಕೆ ಬರುತ್ತೆ" ಅಂತ ಡಬ್ಬಿಯಲ್ಲೇ ಇಡುತ್ತಾರೆ. ಮಲ ಕಪ್ಪಾಗುವುದು ಸಹಜ. ವಾಕರಿಕೆ ಬಂದರೆ ರಾತ್ರಿ ಊಟವಾದ ಮೇಲೆ ತಗೊಳ್ಳಿ. ಟೀ, ಕಾಫಿ ಜೊತೆ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ, ಎರಡು ಗಂಟೆ ಅಂತರ ಇರಲಿ. ಮುದ್ದೆ, ಬಸ್ಸಾರು, ಹುರುಳಿಕಾಳು ನಮ್ಮ ಕಡೆಯ ಒಳ್ಳೆಯ ಊಟ. ಅದಕ್ಕೆ ಒಂದು ಹೋಳು ನಿಂಬೆ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿ ಊಟ ಇದೆ. ಮನೆ ಮಂದಿ ಎಲ್ಲ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಬಸುರಿ ಉಣ್ಣುವ ಮನೆಗಳಲ್ಲಂತೂ ಆ ಊಟವನ್ನು ತಪ್ಪಿಸಲೇಬಾರದು.

ಬಿ.ಪಿ. ಬೇರೆಯೇ ಕಥೆ. 20 ವಾರ ದಾಟಿದ ಮೇಲೆ ಬಿ.ಪಿ. 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿದರೆ ಅಪಾಯ. ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು, ಎದೆಯ ಕೆಳಗೆ ನೋವು ಇದರ ಗುರುತು. ಈ ಕಾಯಿಲೆಯ ಬೇರು ಇರುವುದು ಮಾಸಿನಲ್ಲಿ. ಮಗು, ಮಾಸು ಹೊರಗೆ ಬಂದರೆ ಮಾತ್ರ ತಾಯಿ ಉಳಿಯುತ್ತಾಳೆ ಎನ್ನುವ ಹಂತ ಬಂದಾಗ, 30 ವಾರವಿದ್ದರೂ ಡಾಕ್ಟರು ಹೆರಿಗೆ ಮಾಡಿಸುತ್ತಾರೆ. ಆಗ "ಇಷ್ಟು ಬೇಗ ಯಾಕೆ ತೆಗೆದ್ರಿ" ಅಂತ ಜಗಳಕ್ಕೆ ನಿಲ್ಲುವವರನ್ನು ನೋಡಿದ್ದೇನೆ. ಅವರ ಸಂಕಟ ಅರ್ಥವಾಗುತ್ತದೆ, ಆದರೆ ಅಲ್ಲಿ ಕಾಯುತ್ತಾ ಕೂತರೆ ಇಬ್ಬರನ್ನೂ ಕಳೆದುಕೊಳ್ಳಬಹುದು. ಹಿಂದಿನ ಬಸಿರಿನಲ್ಲಿ ಬಿ.ಪಿ. ಏರಿದ್ದವರು ಮುಂದಿನ ಸಲ ಮೂರನೇ ತಿಂಗಳಲ್ಲೇ ಡಾಕ್ಟರಿಗೆ ಹೇಳಬೇಕು. ಕಡಿಮೆ ಡೋಸಿನ ಆಸ್ಪಿರಿನ್ ಆಗಿನಿಂದಲೇ ಕೊಟ್ಟರೆ ಉಪಯೋಗ ಜಾಸ್ತಿ. ಕೊಡಬೇಕೋ ಬೇಡವೋ ಅಂತ ಅವರೇ ಹೇಳಬೇಕು, ನಾವೇ ಅಂಗಡಿಯಿಂದ ತಂದು ನುಂಗುವುದಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರಿಗೂ ಆರಂಭದಿಂದಲೇ ನಿಗಾ ಬೇಕು.

ಹೊಗೆಯ ವಿಷಯದಲ್ಲಿ ಗಂಡಸರಿಗೆ ಒಂದು ಮಾತು. ಬಸುರಿ ಬೀಡಿ ಸೇದದಿದ್ದರೂ ಪಕ್ಕದಲ್ಲಿ ಕೂತು ನೀವು ಸೇದಿದ ಹೊಗೆ ಅವಳ ರಕ್ತಕ್ಕೆ ಸೇರುತ್ತದೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ಹೆಂಗಸರು ನಮ್ಮ ಕಡೆ ಇನ್ನೂ ಇದ್ದಾರೆ. "ವಾಕರಿಕೆ ನಿಲ್ಲುತ್ತೆ" ಅಂತ ಬಸಿರಿನಲ್ಲಿ ಜಾಸ್ತಿ ಮಾಡುವವರೂ ಇದ್ದಾರೆ. ಅದರ ನಿಕೋಟಿನ್ ಮಾಸಿಗೆ ಹೋಗುವ ರಕ್ತನಾಳಗಳನ್ನು ಹಿಂಡುತ್ತದೆ. ಸೌದೆ ಒಲೆಯ ಹೊಗೆ, ನೂಲು ಬಿಚ್ಚುವ ಕಡೆ ಗೂಡು ಬೇಯಿಸುವ ಒಲೆಯ ಹೊಗೆಗೂ ಮಗುವಿನ ತೂಕಕ್ಕೂ ಬೇಗ ಹೆರಿಗೆಗೂ ಸಂಬಂಧ ಇದೆ.

ಹೊಡೆತದ ಬಗ್ಗೆಯೂ ಹೇಳಲೇಬೇಕು. ಗಂಡ ಕೈ ಮಾಡುವ ಮನೆಯಲ್ಲಿ ಬಸುರಿಗೆ ಬೇಗ ಹೆರಿಗೆ ಆಗುವ ಸಂಭವ ಹೆಚ್ಚು. ಪೆಟ್ಟಿನಿಂದಲೂ ಹೌದು, ಭಯದಿಂದಲೂ ಹೌದು.

ಅಂತರ ಮತ್ತು ವಯಸ್ಸು

ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳು ಬಿಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರು ತಿಂಗಳೊಳಗೇ ಮತ್ತೆ ಬಸಿರಾದರೆ ಅಪಾಯ ತುಂಬಾ ಜಾಸ್ತಿ. ಒಂದು ಬೆಳೆ ತೆಗೆದ ಹೊಲಕ್ಕೆ ಗೊಬ್ಬರ ಹಾಕದೆ ಮತ್ತೆ ಬಿತ್ತಿದರೆ ಏನು ಬರುತ್ತದೆ ಅಂತ ರೈತರಿಗೆ ಹೇಳಿಕೊಡಬೇಕಿಲ್ಲ. 18 ತುಂಬದ ಹುಡುಗಿಯ ಮೈ ಇನ್ನೂ ತಾನೇ ಬೆಳೆಯುತ್ತಿರುತ್ತದೆ. ಕದ್ದುಮುಚ್ಚಿ ಮಾಡುವ ಬಾಲ್ಯವಿವಾಹಗಳ ಫಲ ಕೊನೆಗೆ ಮಕ್ಕಳ ವಾರ್ಡಿನಲ್ಲಿ ಕಾಣುತ್ತದೆ. 35 ದಾಟಿದವರಲ್ಲೂ ಅಪಾಯ ಸ್ವಲ್ಪ ಏರುತ್ತದೆ, ಮುಖ್ಯವಾಗಿ ಬಿ.ಪಿ., ಸಕ್ಕರೆ ಕಾಯಿಲೆಯಿಂದ. ತುಂಬಾ ತೆಳ್ಳಗಿರುವುದು, ತುಂಬಾ ದಪ್ಪ ಇರುವುದು ಎರಡೂ ಒಳ್ಳೆಯದಲ್ಲ.

ಹಾಗಾದರೆ ಬಿಂದಿಗೆ?

ಒಂದು ದಿನ ಒಂದು ಬಿಂದಿಗೆ ಎತ್ತಿದ್ದಕ್ಕೆ ಹೆರಿಗೆ ಆಗುವುದಿಲ್ಲ. ಆಟೋದಲ್ಲಿ ಕುಲುಕಿದ್ದಕ್ಕೆ ಆಗುವುದಿಲ್ಲ. ಊಟದ ಜೊತೆ ಎರಡು ಹೋಳು ಹಣ್ಣಾದ ಪರಂಗಿ ತಿಂದಿದ್ದಕ್ಕೂ ಆಗುವುದಿಲ್ಲ. ಗ್ರಹಣಕ್ಕೂ ಗರ್ಭಕೋಶಕ್ಕೂ ಸಂಬಂಧವೇ ಇಲ್ಲ. ಆದರೆ ತಿಂಗಳುಗಟ್ಟಲೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತೇ ಕೆಲಸ ಮಾಡುವುದು, ಭಾರ ಹೊರುತ್ತಲೇ ಇರುವುದು, ರಾತ್ರಿ ಪಾಳಿ, ಇವು ಅಪಾಯವನ್ನು ಸ್ವಲ್ಪ ಏರಿಸುತ್ತವೆ. ವ್ಯತ್ಯಾಸ ಗಮನಿಸಿ. ತಪ್ಪು ಆ ದಿನ ಅವಳು ಮಾಡಿದ ಕೆಲಸದ್ದಲ್ಲ, ತಿಂಗಳುಗಟ್ಟಲೆ ಅವಳ ತಲೆ ಮೇಲೆ ಹೊರಿಸಿದ ಕೆಲಸದ್ದು.

ಹಾಗಂತ ಬಸುರಿಯನ್ನು ಹಾಸಿಗೆಗೆ ಕಟ್ಟಿಹಾಕುವುದೂ ಸರಿಯಲ್ಲ. ಪೂರ್ತಿ ಮಲಗಿಸಿಡುವುದರಿಂದ ಬೇಗ ಹೆರಿಗೆ ತಪ್ಪುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಬದಲಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಡಾಕ್ಟರು ಹೇಳದಿದ್ದರೆ ಓಡಾಡಿಕೊಂಡಿರುವುದೇ ಒಳ್ಳೆಯದು.

ನಾವೇ ತಂದುಕೊಳ್ಳುವ ಒಂದು ಅಪಾಯವೂ ಇದೆ. ಒಳ್ಳೆಯ ನಕ್ಷತ್ರ, ಒಳ್ಳೆಯ ಮುಹೂರ್ತ ಅಂತ ಜೋಯಿಸರ ಹತ್ತಿರ ಬರೆಸಿಕೊಂಡು ಬಂದು ಆ ದಿನವೇ ಸಿಸೇರಿಯನ್ ಮಾಡಿ ಅನ್ನುವವರಿದ್ದಾರೆ. ತುರ್ತಿಲ್ಲದ ಸಿಸೇರಿಯನ್ ಅನ್ನು 39 ವಾರ ತುಂಬುವ ಮೊದಲು ಮಾಡಬಾರದು. ಲೆಕ್ಕ ಒಂದೆರಡು ವಾರ ತಪ್ಪಿದ್ದರಂತೂ 36 ವಾರದ ಮಗುವನ್ನು ಹೊರಗೆ ತೆಗೆದ ಹಾಗಾಗುತ್ತದೆ. ಎಷ್ಟೇ ಒಳ್ಳೆಯ ನಕ್ಷತ್ರದಲ್ಲಿ ಹುಟ್ಟಿದರೂ ಆ ಮಗು ಉಸಿರಿಗೆ ಒದ್ದಾಡಬಹುದು.

ಗುರುತುಗಳು, ಮತ್ತು ಕುರಿಮರಿಯಿಂದ ಸಿಕ್ಕ ಔಷಧ

37 ವಾರದೊಳಗೆ ಹೊಟ್ಟೆ ಬಿಗಿದು ಸಡಿಲವಾಗುವುದು ಒಂದು ಗಂಟೆಯಲ್ಲಿ ಐದಾರು ಸಲ ಆದರೆ, ಸೊಂಟದ ಕೆಳಗೆ ಬಿಡದ ನೋವಿದ್ದರೆ, ಮಗು ಕೆಳಗೆ ಒತ್ತಿದಂತೆ ಅನಿಸಿದರೆ, ನೀರು ಅಥವಾ ರಕ್ತ ಹೋದರೆ, ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಅಕ್ಕ ಮಧ್ಯಾಹ್ನದ ಸೊಂಟನೋವಿಗೇ ಹೊರಟಿದ್ದರೆ ಎಂಟು ಗಂಟೆ ಸಮಯ ಸಿಗುತ್ತಿತ್ತು.

ಆ ಸಮಯಕ್ಕೆ ಯಾಕೆ ಅಷ್ಟು ಬೆಲೆ? ನ್ಯೂಜಿಲೆಂಡಿನ ಗ್ರಹಾಂ ಲಿಗ್ಗಿನ್ಸ್ ಎಂಬ ವೈದ್ಯರು 1960ರ ದಶಕದಲ್ಲಿ, ಹೆರಿಗೆ ಶುರುವಾಗುವುದು ಯಾತರಿಂದ ಅಂತ ಕುರಿಗಳ ಮೇಲೆ ಹುಡುಕುತ್ತಿದ್ದರು. ಸ್ಟೀರಾಯ್ಡ್ ಕೊಟ್ಟಾಗ ಮರಿಗಳು ಬೇಗ ಹುಟ್ಟಿದವು. ಶಿರಾ, ಪಾವಗಡದ ಕಡೆ ಕುರಿ ಸಾಕುವವರಿಗೆ ಗೊತ್ತು, ಅಷ್ಟು ಬೇಗ ಹಾಕಿದ ಮರಿ ಉಳಿಯುವುದಿಲ್ಲ. ಆದರೆ ಅವರ ಒಂದು ಮರಿ ಉಸಿರಾಡುತ್ತಿತ್ತು. ಸ್ಟೀರಾಯ್ಡ್ ಅದರ ಶ್ವಾಸಕೋಶವನ್ನು ಬೇಗ ಬಲಿಸಿತ್ತು. 1972ರಲ್ಲಿ ಲಿಗ್ಗಿನ್ಸ್ ಮತ್ತು ಮಕ್ಕಳ ವೈದ್ಯ ಹೋವಿ ಬಸುರಿಯರಲ್ಲೂ ಇದು ಕೆಲಸ ಮಾಡುತ್ತದೆ ಅಂತ ತೋರಿಸಿದರು. ಈಗ 24ರಿಂದ 34 ವಾರದೊಳಗೆ ನೋವು ಬಂದರೆ ತಾಯಿಗೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಸೂಜಿ ಕೊಡುತ್ತಾರೆ, 12 ಗಂಟೆಗೊಮ್ಮೆ ನಾಲ್ಕು ಸಲ. ನೋವನ್ನು ಮುಂದೂಡಲು ಬೇರೆ ಮಾತ್ರೆಯನ್ನೂ ಕೊಡುತ್ತಾರೆ. ಆ ಮಾತ್ರೆ ಹೆರಿಗೆಯನ್ನು ತಿಂಗಳುಗಟ್ಟಲೆ ತಡೆಯುವುದಿಲ್ಲ. ಆದರೆ ಒಂದೆರಡು ದಿನ ಸಿಕ್ಕರೂ ಸೂಜಿಗೆ ಕೆಲಸ ಮಾಡಲು ಅವಕಾಶವಾಗುತ್ತದೆ. ಅಷ್ಟರಲ್ಲಿ ಮಕ್ಕಳ ವಿಶೇಷ ಘಟಕ ಇರುವ ಆಸ್ಪತ್ರೆಗೆ ತಾಯಿಯನ್ನು ಸಾಗಿಸಬಹುದು. ಹುಟ್ಟಿದ ಮೇಲೆ ಮಗುವನ್ನು ಹೊತ್ತು ಓಡುವುದಕ್ಕಿಂತ ತಾಯಿಯ ಹೊಟ್ಟೆಯಲ್ಲೇ ಕರೆದೊಯ್ಯುವುದು ಎಷ್ಟೋ ಮೇಲು.

ಇಲ್ಲೇ ನಮ್ಮ ತವರಿನ ಪದ್ಧತಿಯನ್ನೂ ಯೋಚಿಸಬೇಕು. ಮೊದಲ ಹೆರಿಗೆಗೆ ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ತವರಿಗೆ ಕಳಿಸುತ್ತೇವೆ. ಅಪಾಯದ ವಾರಗಳು ಶುರುವಾಗುವ ಹೊತ್ತಿಗೇ ಅವಳ ಡಾಕ್ಟರು, ಆಶಾ ಅಕ್ಕ, ಆಸ್ಪತ್ರೆ ಎಲ್ಲ ಬದಲಾಗುತ್ತವೆ. ಹಳೆಯ ಸ್ಕ್ಯಾನ್ ಗಂಡನ ಮನೆ ಬೀರುವಿನಲ್ಲಿ ಉಳಿದಿರುತ್ತದೆ. ತವರು ಬೇಡ ಅನ್ನುತ್ತಿಲ್ಲ, ಬಸುರಿಗೆ ಅಲ್ಲಿ ಸಿಗುವ ವಿಶ್ರಾಂತಿ ಎಲ್ಲೂ ಸಿಗುವುದಿಲ್ಲ. ಮಡಿಲಕ್ಕಿ ಜೊತೆಗೆ ತಾಯಿ ಕಾರ್ಡು, ಸ್ಕ್ಯಾನುಗಳು, ರಕ್ತದ ರಿಪೋರ್ಟುಗಳು ಒಂದು ಚೀಲದಲ್ಲಿ ಹೋಗಲಿ. ತಲುಪಿದ ವಾರದಲ್ಲೇ ಅಲ್ಲಿನ ಆಶಾ ಅಕ್ಕನಿಗೆ ಗೊತ್ತಾಗಲಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಹೊಸ ಊರಿನಲ್ಲಿ ಡಾಕ್ಟರನ್ನು ಕಾಣಲು ಅದು ಒಳ್ಳೆಯ ದಿನ. ರಾತ್ರಿ ಹೊತ್ತು ನೋವು ಬಂದರೆ ಚಿಕ್ಕ ಮಕ್ಕಳ ಘಟಕ ಇರುವ ಆಸ್ಪತ್ರೆ ಯಾವುದು, ಎಷ್ಟು ದೂರ ಅಂತ ಅಪ್ಪ ಅಣ್ಣಂದಿರು ಮೊದಲೇ ಕೇಳಿಟ್ಟುಕೊಂಡಿರಲಿ.

ಅಕ್ಕ ಎರಡನೇ ಮಗುವಿಗೆ ನಾಲ್ಕು ವರ್ಷ ಬಿಟ್ಟಳು. "ಇನ್ನೊಂದು ಯಾವಾಗ?" ಅಂತ ಅತ್ತೆ ಕೇಳಿದಾಗಲೆಲ್ಲ ಭಾವನೇ "ಡಾಕ್ಟರು ಹೇಳ್ಲಿ ಬಿಡಮ್ಮ" ಅನ್ನುತ್ತಿದ್ದರು. ಎರಡನೇ ತಿಂಗಳಲ್ಲೇ ಹೋಗಿ 31 ವಾರದ ಕಥೆ ಹೇಳಿದಳು. ಮೂತ್ರದ ಕಲ್ಚರ್ ಮಾಡಿಸಿದರು, ರೋಗಾಣು ಸಿಕ್ಕಿತು, ಔಷಧಿ ಕೊಟ್ಟರು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಗರ್ಭಕೋಶದ ಬಾಯಿ 22 ಮಿಲಿಮೀಟರ್ ಬಂತು, ರಾತ್ರಿ ಮಲಗುವಾಗ ಯೋನಿಯೊಳಗೆ ಇಟ್ಟುಕೊಳ್ಳಲು ಪ್ರೊಜೆಸ್ಟರಾನ್ ಮಾತ್ರೆ ಬರೆದರು. ಹುಳ ಹಣ್ಣಾಗಿ ಗೂಡು ಕಟ್ಟುವ ವಾರ ಅವಳನ್ನು ನಮ್ಮ ಮನೆಗೆ ಕರೆತಂದೆವು.

ಮಗ ಹುಟ್ಟಿದ್ದು 36 ವಾರ 4 ದಿನಕ್ಕೆ. ಲೆಕ್ಕದ ಪ್ರಕಾರ ಅವನೂ ದಿನ ತುಂಬದ ಮಗುವೇ, ಮೂರು ದಿನ ಕಮ್ಮಿ. ತೂಕ 2 ಕೆ.ಜಿ. 600 ಗ್ರಾಂ. ಹುಟ್ಟಿದ ಕೂಡಲೇ ಅತ್ತ, ಅಕ್ಕನ ಪಕ್ಕದಲ್ಲೇ ಮಲಗಿದ. ಈ ಸಲ ಬೆಂಚಿನ ಮೇಲೆ ಕೂತವರಲ್ಲಿ ಯಾರೂ ಬಿಂದಿಗೆಯ ಮಾತು ಎತ್ತಲಿಲ್ಲ.